ಬಾಸ್ತೊ ಜೊತೆ ಬಾಳೆಹಣ್ಣು

ನಾನು ಕೆಲಸ ಮಾಡುತ್ತಿದ್ದ ಹಿಟ್ಟಿನ ಗಿರಣಿ ನೈರೋಬಿಯ ಇಂಡಸ್ಟ್ರಿಯಲ್ ಏರಿಯಾದಲ್ಲಿತ್ತು. ಮಾಲೀಕರು ಗುಜರಾತಿಗಳು. ಅವರ ಅಜ್ಜ ಹಡಗಿನಲ್ಲಿ ಮೊಂಬಾಸಾಕ್ಕೆ ಬಂದಿಳಿದವರು, ಇವರು ನೈರೋಬಿಯಲ್ಲೇ ಹುಟ್ಟಿ ಬೆಳೆದವರು. ನಾನು ದಾವಣಗೆರೆಯವಳು. ಮೈಸೂರಿನಲ್ಲಿ ಆಹಾರ ತಂತ್ರಜ್ಞಾನ ಓದಿ, ಔಷಧ ಕಂಪನಿಯೊಂದರಲ್ಲಿ ಕೆಲಸ ಸಿಕ್ಕಿದ ಗಂಡನ ಜೊತೆ ಈ ಊರಿಗೆ ಬಂದೆ. ಮಗಳು ಸ್ಕೂಲಿಗೆ ಹೋಗಲು ಶುರುಮಾಡಿದ ಮೇಲೆ ಗಿರಣಿಯ ಲ್ಯಾಬಿಗೆ ಸೇರಿಕೊಂಡೆ. ಹಿಟ್ಟಿನಲ್ಲಿ ಎಷ್ಟು ತೇವವಿದೆ, ನಾದಿದರೆ ಎಷ್ಟು ಜಿಗುಟು ಬರುತ್ತದೆ ಎಂದು ನೋಡುವುದು ನನ್ನ ಕೆಲಸ.

ಎರಡು ಸಾವಿರದ ದಶಕದ ಮಧ್ಯದ ಮಾತು. ನೈರೋಬಿಯಲ್ಲಿ ಒಂದರ ಹಿಂದೆ ಒಂದು ಮಾಲ್ ಏಳುತ್ತಿತ್ತು. ಮಾಲ್ ಅಂದ ಮೇಲೆ ಅದರೊಳಗೊಂದು ಪಿಜ್ಜಾ ಅಂಗಡಿ ಇರಲೇಬೇಕು. ಜೈನರಿಗೆ ಈರುಳ್ಳಿ ಬೆಳ್ಳುಳ್ಳಿ ಇಲ್ಲದ ಪಿಜ್ಜಾ, ಪಂಜಾಬಿಗಳಿಗೆ ಪನೀರ್ ಪಿಜ್ಜಾ, ಎಲ್ಲ ಸಿಗುತ್ತಿತ್ತು. ನಮ್ಮ ಕನ್ನಡದವರ ಮನೆಗಳ ಹುಟ್ಟುಹಬ್ಬಗಳಲ್ಲಿ ದೊಡ್ಡವರಿಗೆ ಬಿಸಿಬೇಳೆ ಬಾತ್, ಮಕ್ಕಳಿಗೆ ಪಿಜ್ಜಾ ಎಂದು ಎರಡು ಪಂಕ್ತಿಯೇ ಆಗಿಹೋಗಿತ್ತು. ನನ್ನ ಮಗಳಂತೂ ಶ್ಯಾವಿಗೆ ಉಪ್ಪಿಟ್ಟು ಮಾಡಿದರೆ ತಟ್ಟೆ ದೂರ ತಳ್ಳುವಳು, ಪಾಸ್ತಾ ಮಾಡಿದರೆ ತಟ್ಟೆ ನೆಕ್ಕುವಳು.

"ಅದೂ ಗೋಧೀದೇ ಕಣೇ, ಇದೂ ಗೋಧೀದೇ."

"ಬಟ್ ಅಮ್ಮಾ, ದಿಸ್ ಒನ್ ಈಸ್ ಇಟಾಲಿಯನ್."

ನಾನು ಪಾಸ್ತಾಕ್ಕೆ ನೀರಿಟ್ಟೆ.

ಮಾಲೀಕರು ಸ್ಪಗೆಟಿ ಮಾಡುವ ಯೋಚನೆ ಹಾಕಿದಾಗ ನಾನು ಅವರ ಕಣ್ಣಿರುವುದು ಈ ಮಾಲ್‌ಗಳ ಮೇಲೆ ಎಂದುಕೊಂಡಿದ್ದೆ. ಅವರು ನಕ್ಕರು. "ಮಾಲ್‌ನವರು ತಿನ್ನೋದು ವಾರಕ್ಕೊಂದು ಸಲ, ಅದೂ ಶೋಕಿಗೆ. ನಮ್ಮ ನಿಜವಾದ ಗಿರಾಕಿಗಳು ಈಸ್ಟ್‌ಲೀಲಿ ಇದ್ದಾರೆ ಮೇಡಂ," ಎಂದರು. ಈಸ್ಟ್‌ಲೀ ಎಂದರೆ ಸೊಮಾಲಿಗಳ ಬಡಾವಣೆ. ತಮ್ಮ ದೇಶದ ಒಳಜಗಳ ತಾಳಲಾರದೆ ಓಡಿಬಂದವರು ಅಲ್ಲಿ ನೆಲೆ ನಿಂತು, ಕೆಲವೇ ವರ್ಷಗಳಲ್ಲಿ ದೊಡ್ಡ ಮಾರುಕಟ್ಟೆಯನ್ನೇ ಕಟ್ಟಿದ್ದರು. ನಾವು ಅನ್ನ ತಿಂದ ಹಾಗೆ ಅವರು ಸ್ಪಗೆಟಿ ತಿನ್ನುತ್ತಾರೆ, ಅದನ್ನು 'ಬಾಸ್ತೊ' ಎನ್ನುತ್ತಾರೆ ಎಂದು ನನಗೆ ಗೊತ್ತಾದದ್ದೇ ಆಗ. ಯಾಕೆ ತಿನ್ನುತ್ತಾರೆ ಎಂದು ನಾನು ಕೇಳಲಿಲ್ಲ, ಮಾಲೀಕರೂ ಹೇಳಲಿಲ್ಲ.

ಇಟಲಿಯಲ್ಲಿ ಮುಚ್ಚಿಹೋದ ಕಾರ್ಖಾನೆಯೊಂದರಿಂದ ಹಳೆಯ ಮೆಷಿನ್ನು ಬಂತು. ಅದನ್ನು ಜೋಡಿಸಲು, ಅದೇ ಕಾರ್ಖಾನೆಯಲ್ಲಿ ಜೀವಮಾನ ಕಳೆದ ಒಬ್ಬರು ಮೆಕ್ಯಾನಿಕ್ ಬಂದರು. ವಯಸ್ಸು ಅರವತ್ತು ದಾಟಿತ್ತು. ದಪ್ಪ ಕನ್ನಡಕ, ಎದೆಯ ಜೇಬಿನಲ್ಲಿ ಪೆನ್ನಿನ ಜಾಗದಲ್ಲಿ ಸ್ಕ್ರೂಡ್ರೈವರ್. ಯಾರು ಏನು ಮಾಡಿದರೂ ಮೊದಲು "ನೋ" ಅನ್ನುವುದು ಅವರ ಅಭ್ಯಾಸ. ನಮ್ಮ ಕೆಲಸಗಾರರು ಅವರನ್ನು 'ಫುಂಡಿ' ಎಂದು ಕರೆದರು. ಸ್ವಾಹಿಲಿಯಲ್ಲಿ ಕೈಕೆಲಸ ಬಲ್ಲವರೆಲ್ಲ ಫುಂಡಿಗಳೇ. ಅವರಿಗೂ ಆ ಹೆಸರು ಹಿಡಿಸಿತು.

ಇಂಗ್ಲಿಷ್ ಅವರಿಗೆ ಅಷ್ಟಕ್ಕಷ್ಟೆ. ನಾನು ಲ್ಯಾಬಿನವಳಾದ್ದರಿಂದ ದಿನವಿಡೀ ಅವರ ಜೊತೆ ಇರಬೇಕಾಗುತ್ತಿತ್ತು. ಸಣ್ಣ ಸಣ್ಣ ವಾಕ್ಯಗಳಲ್ಲಿ ನಮ್ಮ ಮಾತು ನಡೆಯುತ್ತಿತ್ತು. ಮೊದಲ ದಿನ ಮಧ್ಯಾಹ್ನ ಕ್ಯಾಂಟೀನಿನಲ್ಲಿ ಕೆಲಸಗಾರರ ತಟ್ಟೆಯಲ್ಲಿ ಉಗಾಲಿ ನೋಡಿ ಅವರು ನಿಂತುಬಿಟ್ಟರು. ಉಗಾಲಿ ಎಂದರೆ ಬಿಳಿ ಮೆಕ್ಕೆಜೋಳದ ಹಿಟ್ಟಿನ ಮುದ್ದೆ. ಜೊತೆಗೆ ಬೇಯಿಸಿದ ಸೊಪ್ಪು.

"ಇದು ನಮ್ಮದು," ಎಂದರು.

ನನಗೆ ನಗು ಬಂತು. ಅವರು ತಟ್ಟೆ ಹಿಡಿದು ಸಾಲಿನಲ್ಲಿ ನಿಂತೇಬಿಟ್ಟರು. ಊಟ ಮಾಡುತ್ತ ಹೇಳಿದರು: ಅವರದ್ದು ಉತ್ತರ ಇಟಲಿಯ ಬಡ ರೈತರ ಮನೆ. ಅವರಜ್ಜಿ ದಿನವೂ ಬೇಯಿಸುತ್ತಿದ್ದದ್ದು ಮೆಕ್ಕೆಜೋಳದ ಮುದ್ದೆಯನ್ನೇ. ಸಣ್ಣವರಿದ್ದಾಗ ಪಾಸ್ತಾ ಎಂದರೆ ಭಾನುವಾರದ ಊಟ. ಒಣಗಿಸಿದ ಸ್ಪಗೆಟಿ ದಕ್ಷಿಣದವರದು, ಸಮುದ್ರದ ಗಾಳಿ ಇದ್ದ ಕಡೆಯವರದು. ಅದನ್ನೂ ಸಿಸಿಲಿ ದ್ವೀಪಕ್ಕೆ ತಂದವರು ಅರಬರು ಎನ್ನುತ್ತಾರೆ. ಟೊಮೆಟೊ ಬಂದದ್ದು ಅಮೆರಿಕಾದಿಂದ. ಅವರು ತಿನ್ನುತ್ತಿದ್ದ ಮೆಕ್ಕೆಜೋಳವೂ ಅಲ್ಲಿಂದಲೇ.

"ಹಾಗಾದ್ರೆ ಇಟಲಿದು ಅಂತ ಯಾವುದಿದೆ?" ಎಂದೆ.

"ಹಸಿವು," ಎಂದು ಉಗಾಲಿಯ ಇನ್ನೊಂದು ತುತ್ತು ಮುರಿದರು. ಊರಲ್ಲಿ ತಿನ್ನಲು ಇಲ್ಲದೆ ದಕ್ಷಿಣದವರು ಹಡಗು ಹಡಗು ತುಂಬಿಕೊಂಡು ಹೋದರಂತೆ, ನ್ಯೂಯಾರ್ಕಿಗೆ, ಅರ್ಜೆಂಟೀನಾಕ್ಕೆ. ಊರಲ್ಲಿ ಹಬ್ಬಕ್ಕೆ ಮಾತ್ರ ಕಾಣುತ್ತಿದ್ದ ಊಟವನ್ನು ಅಲ್ಲಿ ದುಡಿದು ದಿನಾ ಮಾಡಿಕೊಂಡು ತಿಂದರು, ಪಕ್ಕದ ಮನೆಯವರಿಗೂ ತಿನ್ನಿಸಿದರು. ಲೋಕವೆಲ್ಲ ಇಟಲಿಯ ಊಟ ಎನ್ನುವುದು ಅದನ್ನೇ.

ನನ್ನ ಡಬ್ಬಿಯಲ್ಲಿ ಆ ದಿನ ಚಿತ್ರಾನ್ನವಿತ್ತು. ಅದರ ಮೇಲಿನ ಸಾಸಿವೆ, ಮೆಣಸಿನಕಾಯಿ ನೋಡುತ್ತ, ಈ ಮೆಣಸಿನಕಾಯಿಯೂ ನಮ್ಮದಲ್ಲವಲ್ಲ, ಇದೂ ಕಡಲು ದಾಟಿ ಬಂದದ್ದೇ ಅಲ್ಲವೇ ಎಂದುಕೊಂಡೆ.

ಫುಂಡಿಗೂ ಮಾಲೀಕರಿಗೂ ಮೊದಲ ಜಗಳ ಹಿಟ್ಟಿನ ಮೇಲೆಯೇ ಆಯಿತು. ಪಾಸ್ತಾಕ್ಕೆ ಗಟ್ಟಿ ಗೋಧಿಯ ಹಳದಿ ರವೆ ಬೇಕು, ನಾವು ಬನ್ಸಿ ರವೆ ಎನ್ನುತ್ತೇವಲ್ಲ, ಆ ಜಾತಿಯದು. ಕೀನ್ಯಾದಲ್ಲಿ ಬೆಳೆಯುವುದು ಹೆಚ್ಚಾಗಿ ಬ್ರೆಡ್ಡಿಗೆ ಆಗುವ ಗೋಧಿ. ಹೊರಗಿನಿಂದ ತರಿಸಿದರೆ ದುಬಾರಿ. "ಇದ್ದ ಹಿಟ್ಟಲ್ಲೇ ಮಾಡಿ, ಬಣ್ಣ ಹಾಕೋಣ. ನೋಡೋಕೆ ಒಂದೇ ಥರ ಇರುತ್ತೆ," ಎಂದರು ಮಾಲೀಕರು. ಫುಂಡಿ ನೋ ಎಂದರು, ಕೈ ಬೀಸಿದರು, ಒಂದಿಡೀ ದಿನ ಮೆಷಿನ್ನಿನ ಹತ್ತಿರ ಸುಳಿಯಲಿಲ್ಲ. ಕೊನೆಗೆ ಸಂಬಳ ಕೊಡುವವರ ಮಾತೇ ನಡೆಯಿತು.

ಮೆಷಿನ್ನು ಓಡಿತು. ಕಂಚಿನ ಅಚ್ಚಿನಿಂದ ಎಳೆಗಳು ಇಳಿದು ಕೋಲುಗಳ ಮೇಲೆ ಜೋತುಬಿದ್ದವು. ನನಗೆ ಊರಿನ ಬೇಸಿಗೆ ನೆನಪಾಯಿತು. ಮಂಚಕ್ಕೆ ಶ್ಯಾವಿಗೆ ಮಣೆ ಒರಗಿಸಿ ಅವ್ವ, ಅತ್ತೆಯರು ಹೊಸೆಯುತ್ತಿದ್ದರು. ಕೋಲಿನ ಮೇಲೆ ಎಳೆ ಹರವುವುದು ನಮ್ಮಂಥ ಹುಡುಗಿಯರ ಪಾಲಿನ ಕೆಲಸ. "ನೆರಳಾಗ ಒಣಗ್ಲಿ, ಬಿಸಿಲಿಗೆ ಹಾಕಿದ್ರ ಸೀಳ್ತಾವ," ಅನ್ನುವಳು ಅವ್ವ. ಇದನ್ನು ಫುಂಡಿಗೆ ಹೇಳಿದೆ. ಒಣಗಿಸುವ ಕೋಣೆಯ ಬಿಸಿ ಎಷ್ಟಿರಬೇಕೆಂದು ಅವರು ಮಾಲೀಕರ ಜೊತೆ ಅದೇ ಹೊತ್ತಿಗೆ ಹೊಡೆದಾಡುತ್ತಿದ್ದರು. "ನಿಮ್ಮ ತಾಯಿಯನ್ನು ಕರೆಸಿ. ನನ್ನ ಮಾತನ್ನು ಇವರು ಕೇಳುವುದಿಲ್ಲ," ಎಂದರು.

ಮೊದಲ ಮಾಲು ಈಸ್ಟ್‌ಲೀಗೆ ಹೋಯಿತು. ವಾರದೊಳಗೆ ಅಷ್ಟೂ ವಾಪಸ್ ಬಂತು. ಅದನ್ನು ಕೊಂಡಿದ್ದವರು ಅಲ್ಲಿನ ದೊಡ್ಡ ಸಗಟು ವ್ಯಾಪಾರಿ, ಒಬ್ಬ ಸೊಮಾಲಿ ಹೆಂಗಸು. ಆಕೆ ಬೇಡ ಎಂದರೆ ಆ ಬೀದಿಯಲ್ಲಿ ಮತ್ತೆ ಯಾರೂ ಮುಟ್ಟುವುದಿಲ್ಲ ಎಂಬುದು ಮಾಲೀಕರಿಗೆ ಗೊತ್ತಿತ್ತು. "ನೀವಿಬ್ಬರೂ ಹೋಗಿ ಮಾತಾಡಿ ಬನ್ನಿ. ಇಟಲಿಯವರೇ ಬಂದಿದ್ದಾರೆ ಅಂದ್ರೆ ಮರ್ಯಾದೆ ಕೊಡ್ತಾಳೆ," ಎಂದು ನನ್ನನ್ನೂ ಫುಂಡಿಯನ್ನೂ ಕಾರಿನಲ್ಲಿ ಕೂರಿಸಿದರು.

ಈಸ್ಟ್‌ಲೀಯ ರಸ್ತೆಗಳು ಆಗ ಹೊಂಡಗಳ ಸರಮಾಲೆ. ಮಟಾಟು ಎನ್ನುವ ಬಾಡಿಗೆ ವ್ಯಾನುಗಳು ಹಾರ್ನ್ ಹೊಡೆಯುತ್ತ ಕೆಸರು ಹಾರಿಸುತ್ತ ನುಗ್ಗುತ್ತಿದ್ದವು. ಬಟ್ಟೆಯ ಥಾನುಗಳು, ಒಂಟೆ ಹಾಲಿನ ಕ್ಯಾನುಗಳು, ಎಲ್ಲದರ ನಡುವೆ ಧೂಪದ ವಾಸನೆ. ಆಕೆಯ ಮಳಿಗೆ ನೆಲಮಹಡಿಯಲ್ಲಿ, ಮನೆ ಅದರ ಮೇಲೆ. ಎತ್ತರದ ಹೆಂಗಸು. ತಲೆಯಿಂದ ಸೊಂಟದವರೆಗೆ ಇಳಿಬಿದ್ದ ಕಂದು ಬಣ್ಣದ ಹೊದಿಕೆ. ವಯಸ್ಸು ಫುಂಡಿಯಷ್ಟೇ ಇದ್ದೀತು. ನಾನು ಇಲ್ಲಿನವರ ಹಾಗೆ 'ಮಾಮಾ', ಅಂದರೆ ಅಮ್ಮಾ, ಎಂದು ಕರೆದೆ. ಹರಕುಮುರುಕು ಸ್ವಾಹಿಲಿಯಲ್ಲಿ, ತಕರಾರು ಏನೆಂದು ತಿಳಿಯಲು ಬಂದಿದ್ದೇವೆ ಎಂದೆ.

"ಮಾತಿನಲ್ಲಿ ಏನು ಹೇಳಲಿ? ಮೇಲೆ ಬನ್ನಿ, ತೋರಿಸುತ್ತೇನೆ. ಕರಿಬು." ಸ್ವಾಗತ ಎಂದರ್ಥ.

ಅಡುಗೆಮನೆಯಲ್ಲಿ ಎರಡು ಪಾತ್ರೆಗಳಲ್ಲಿ ನೀರು ಕುದಿಯಲು ಇಟ್ಟರು. ಒಂದಕ್ಕೆ ನಮ್ಮ ಸ್ಪಗೆಟಿ, ಇನ್ನೊಂದಕ್ಕೆ ತಾವು ಹೊರದೇಶದಿಂದ ತರಿಸಿ ಮಾರುತ್ತಿದ್ದದ್ದು. ಸ್ವಲ್ಪ ಹೊತ್ತಿಗೆ ನಮ್ಮದರ ನೀರು ಗಂಜಿಯಾಯಿತು, ಎಳೆಗಳು ಒಂದಕ್ಕೊಂದು ಅಂಟಿ ಮುದ್ದೆಯಾದವು. ಫುಂಡಿ ನನ್ನ ಕಡೆ ನೋಡಿ, ಹೇಳಿರಲಿಲ್ಲವೇ ಎನ್ನುವಂತೆ ಹುಬ್ಬು ಹಾರಿಸಿದರು. ಮಾಮಾ ಆ ಪಾತ್ರೆಯನ್ನು ಬದಿಗೆ ಸರಿಸಿದರು. "ಇದನ್ನು ಮದುವೆ ಮನೆಯಲ್ಲಿ ಬಡಿಸಿದರೆ ಬೀಗರು ಎದ್ದು ಹೋಗುತ್ತಾರೆ," ಎಂದರು.

ಬಂದವರನ್ನು ಊಟ ಮಾಡಿಸದೆ ಕಳಿಸುವುದು ಅವರ ಪದ್ಧತಿಯಲ್ಲ. ನೆಲದ ಮೇಲೆ ಚಾಪೆ ಹಾಸಿ ಕೂರಿಸಿದರು. ಫುಂಡಿಗೆ ಜೀರಿಗೆ, ಏಲಕ್ಕಿ, ಚಕ್ಕೆ ಹಾಕಿದ ಮಾಂಸದ ಗೊಜ್ಜಿನ ಜೊತೆ ಬಾಸ್ತೊ. ನಾನು ಮಾಂಸ ತಿನ್ನುವುದಿಲ್ಲ ಎಂದಾಗ ಒಂದು ಕ್ಷಣ ಯೋಚಿಸಿ, ನನ್ನ ತಟ್ಟೆಗೆ ಬಿಸಿ ಬಾಸ್ತೊ ಹಾಕಿ ಮೇಲೆ ತುಪ್ಪ, ಸಕ್ಕರೆ ಸುರಿದರು. "ಚಿಕ್ಕ ಮಕ್ಕಳಿಗೆ ಹೀಗೆ ಕೊಡುತ್ತೇವೆ," ಎಂದು ನಕ್ಕರು. ಎಲ್ಲರ ತಟ್ಟೆಯ ಪಕ್ಕದಲ್ಲೂ ಒಂದೊಂದು ಬಾಳೆಹಣ್ಣು.

ತುಪ್ಪ ಸಕ್ಕರೆ ಹಾಕಿದ ಶ್ಯಾವಿಗೆಗೆ ಬಾಳೆಹಣ್ಣು ಕಿವುಚಿಕೊಂಡು ತಿಂದು ಬೆಳೆದವಳು ನಾನು. ಏನೂ ಯೋಚಿಸದೆ ಹಣ್ಣು ಸುಲಿದು ಕಲಸಿಕೊಂಡೆ. ಮಾಮಾ ತಮ್ಮ ಹಣ್ಣನ್ನು ಮಾಂಸದ ಗೊಜ್ಜಿನ ಬಾಸ್ತೊ ಜೊತೆಗೇ ಒಂದೊಂದು ತುತ್ತಿಗೆ ಕಚ್ಚಿಕೊಂಡು ತಿನ್ನತೊಡಗಿದರು. ಫುಂಡಿಯ ಮುಖ ಬಿಳಿಚಿತು.

"ನೋ," ಎಂದು ನನ್ನತ್ತ ವಾಲಿ ಇಂಗ್ಲಿಷಿನಲ್ಲಿ ಪಿಸುಗುಟ್ಟಿದರು. "ಬಾಳೆಹಣ್ಣಾ! ಪಾಸ್ತಾ ಜೊತೆ! ನನ್ನ ಅಮ್ಮ ನೋಡಿದ್ದರೆ ತಟ್ಟೆಯನ್ನೇ ಕಸಿದುಕೊಳ್ಳುತ್ತಿದ್ದಳು."

ಅಷ್ಟು ಇಂಗ್ಲಿಷ್ ಮಾಮಾಗೂ ತಿಳಿಯುತ್ತಿತ್ತು, ಅಗಿಯುವುದನ್ನು ನಿಲ್ಲಿಸಿದರು. ಆಮೇಲೆ ಫುಂಡಿಯ ಕಡೆ ತಿರುಗಿ, ಒಂದು ವಾಕ್ಯ ಹೇಳಿದರು. ಅದು ಸ್ವಾಹಿಲಿಯಲ್ಲ, ಇಂಗ್ಲಿಷಲ್ಲ, ಸೊಮಾಲಿಯೂ ಅಲ್ಲ ಎಂದು ನನಗೆ ಗೊತ್ತಾದದ್ದು ಫುಂಡಿಯ ಕೈಯ ಫೋರ್ಕ್ ಕೆಳಗಿಳಿದಾಗ. ಆಕೆ ಇಟಾಲಿಯನ್ ಮಾತಾಡಿದ್ದರು. ತಪ್ಪಿಲ್ಲದೆ, ನಿಧಾನವಾಗಿ, ಪಾಠ ಒಪ್ಪಿಸುವ ಹುಡುಗಿಯ ಹಾಗೆ.

ಮಾಮಾ ನನಗೆ ಸ್ವಾಹಿಲಿಯಲ್ಲಿ ಹೇಳಿದರು: "ಇವರ ಅಮ್ಮ ಬಾಳೆಹಣ್ಣು ಎಲ್ಲಿಂದ ತರುತ್ತಿದ್ದಳು ಅಂತ ಕೇಳಿದೆ, ಅಷ್ಟೆ."

ಮೊಗದಿಶುವಿನಲ್ಲಿ ಇಟಲಿಯ ಕ್ರೈಸ್ತ ಸನ್ಯಾಸಿನಿಯರ ಶಾಲೆಯಲ್ಲಿ ಆಕೆ ಓದಿದ್ದರು. ಅದಕ್ಕೂ ಮುಂಚಿನ ಕತೆ ಅವರ ಅಪ್ಪನದು. ನದೀ ದಡದ ಹಳ್ಳಿಯವರು. ಇಟಲಿಯವರು ಸೊಮಾಲಿಯಾವನ್ನು ಆಳುತ್ತಿದ್ದ ಕಾಲದಲ್ಲಿ ಆ ದಡದ ಉದ್ದಕ್ಕೂ ಬಾಳೆ ತೋಟಗಳನ್ನು ಮಾಡಿದರು. ಕೆಲಸಕ್ಕೆ ಜನ ಸಾಲದಾಗ ಸಿಪಾಯಿಗಳು ಹಳ್ಳಿಗೆ ಬಂದು ಗಂಡಸರನ್ನು ಎಬ್ಬಿಸಿಕೊಂಡು ಹೋಗುತ್ತಿದ್ದರು. ಆಕೆಯ ಅಪ್ಪನನ್ನೂ ಹಾಗೆಯೇ ಒಯ್ದರು. ಗೊನೆ ಕಡಿದು, ಹೊತ್ತು, ಲಾರಿಗೆ ತುಂಬುವುದು. ಹಣ್ಣೆಲ್ಲ ಹಡಗು ಹತ್ತಿ ಇಟಲಿಗೆ ಹೋಗುತ್ತಿತ್ತು. ಅಪ್ಪನ ಹೆಗಲ ಮೇಲೆ ಬಾಳೆಯ ಕರೆ ಸಾಯುವವರೆಗೂ ಇತ್ತು ಎಂದರು ಮಾಮಾ. ಕರೆ ತಾಗಿ ತಾಗಿ ಚರ್ಮವೇ ಕಪ್ಪಾಗಿತ್ತೋ, ಹೊರೆ ಉಜ್ಜಿದ ಗಾಯದ ಗುರುತೋ, ನನಗೆ ಸರಿಯಾಗಿ ತಿಳಿಯಲಿಲ್ಲ.

ಇಷ್ಟನ್ನು ಆಕೆ ಒಂದು ಸಲ ಇಟಾಲಿಯನ್ನಿನಲ್ಲಿ ಅವರಿಗೆ, ಒಂದು ಸಲ ಸ್ವಾಹಿಲಿಯಲ್ಲಿ ನನಗೆ ಹೇಳುತ್ತಿದ್ದರು. ದನಿ ಏರಲಿಲ್ಲ. ಫುಂಡಿ ತಲೆ ತಗ್ಗಿಸಿ ಕೇಳಿದರು. ಆಮೇಲೆ ಅವರು ಮಾತಾಡಿದರು. ಮಾಮಾ ಅದನ್ನು ನನಗೆ ತಿಳಿಸಿದರು:

"ಎರಡನೇ ಮಹಾಯುದ್ಧ ಮುಗಿದ ಮೇಲಿನ ಮಾತಂತೆ. ಇವರಿಗೆ ನಾಲ್ಕು ಜನ ಅಕ್ಕತಮ್ಮಂದಿರು. ಕ್ರಿಸ್ಮಸ್ಸಿಗೆ ಅಪ್ಪ ಒಂದೇ ಒಂದು ಬಾಳೆಹಣ್ಣು ತರುತ್ತಿದ್ದನಂತೆ. ಅಂಗಡಿಯವನು ಅದನ್ನು ಸೊಮಾಲಿಯಾದ್ದು ಅನ್ನುತ್ತಿದ್ದನಂತೆ. ಅಮ್ಮ ಚಾಕುವಿನಲ್ಲಿ ಬಿಲ್ಲೆ ಬಿಲ್ಲೆ ಕೊಯ್ದು ಎಲ್ಲರಿಗೂ ಹಂಚುತ್ತಿದ್ದಳಂತೆ. ಸೊಮಾಲಿಯಾ ಅನ್ನೋದು ಒಂದು ಹಣ್ಣಿನ ಹೆಸರು ಅಂತಲೇ ಇವರು ಬಹಳ ದಿನ ತಿಳಿದಿದ್ದರಂತೆ."

ಕೊನೆಯ ಮಾತಿಗೆ ಮಾಮಾ ನಕ್ಕುಬಿಟ್ಟರು. ಫುಂಡಿ ನಗಲಿಲ್ಲ. ನನಗೂ ಅರ್ಥವಾಗಲಿ ಎಂದೋ ಏನೋ, ಇಂಗ್ಲಿಷಿನಲ್ಲಿ ಹೇಳಿದರು: "ನನಗೆ ಗೊತ್ತಿರಲಿಲ್ಲ."

"ನಿಮಗೆ ಗೊತ್ತಿರಲಿಲ್ಲ ಅಂತ ನನಗೆ ಗೊತ್ತು," ಎಂದರು ಮಾಮಾ. "ತಿನ್ನಿ, ಆರಿಹೋಗುತ್ತೆ."

ಫುಂಡಿ ಹಣ್ಣು ಸುಲಿದು, ಚಾಕು ಕೇಳಿ ಪಡೆದು, ಬಿಲ್ಲೆಗಳಾಗಿ ಕೊಯ್ದರು. ಬಾಸ್ತೊ ಜೊತೆ ಒಂದು ಬಿಲ್ಲೆ ಬಾಯಿಗಿಟ್ಟುಕೊಂಡರು. ರುಚಿ ಹಿಡಿಸಿತೋ ಇಲ್ಲವೋ, ಮುಖ ನೋಡಿ ಹೇಳುವಂತಿರಲಿಲ್ಲ. ತಟ್ಟೆ ಮಾತ್ರ ಖಾಲಿ ಮಾಡಿದರು.

ನನಗೆ ಒಂದು ಪ್ರಶ್ನೆ ಕೊರೆಯುತ್ತಿತ್ತು. ಕೈ ತೊಳೆಯುವಾಗ ಕೇಳಿಯೇಬಿಟ್ಟೆ: "ನಿಮ್ಮಪ್ಪನಿಗೆ ಅಷ್ಟೆಲ್ಲ ಮಾಡಿದವರ ಊಟ ಇದು. ನೀವು ಇದನ್ನೇ ತಿನ್ನುತ್ತೀರಲ್ಲ ಮಾಮಾ, ಬೇಸರ ಆಗೋದಿಲ್ಲವೆ?"

ಆಕೆ ನನ್ನನ್ನು ಮೇಲಿಂದ ಕೆಳಗೆ ನೋಡಿದರು. "ನಿಮ್ಮ ದೇಶವನ್ನು ಇಂಗ್ಲಿಷರು ಆಳಿದರಲ್ಲ, ನೀವು ಚಹಾ ಬಿಟ್ಟಿರಾ?" ಎಂದರು. ಆಮೇಲೆ ಟವೆಲ್ ಕೊಡುತ್ತ, ಸ್ವಲ್ಪ ಮೆತ್ತಗೆ, "ನಾನು ಅವರ ಕೈಯ ಬಾಸ್ತೊ ತಿಂದವಳಲ್ಲ. ನನಗೆ ಉಣ್ಣಿಸಿದವಳು ನನ್ನ ಅಮ್ಮ. ಮಸಾಲೆ ನಮ್ಮದು, ಬಾಳೆಹಣ್ಣು ನಮ್ಮ ನದಿಯದು. ಅವರು ಹೋದರು, ಬಾಸ್ತೊ ಇಲ್ಲೇ ಉಳಿಯಿತು. ಈಗ ನಮ್ಮೂರೂ ಹೋಯಿತು. ಈಸ್ಟ್‌ಲೀಯಲ್ಲಿ ಇದನ್ನು ತಿಂದಾಗ ನಮಗೆ ಇಟಲಿಯ ನೆನಪು ಬರೋದಿಲ್ಲ ಮಗಳೇ, ಮೊಗದಿಶುವಿನ ನೆನಪು ಬರುತ್ತೆ."

ವಾಪಸ್ ಬರುವಾಗ ಲಾರಿಗಳ ನಡುವೆ ಸಿಕ್ಕಿಹಾಕಿಕೊಂಡು ಕಾರು ಬಹಳ ಹೊತ್ತು ನಿಂತಿತ್ತು. ಫುಂಡಿ ಕಿಟಕಿಯಾಚೆ ನೋಡುತ್ತ ಕುಳಿತಿದ್ದರು. ಪಾಸ್ತಾ ಕಡಲು ದಾಟಿದ ಬಗೆಯನ್ನು ಅವರು ಕ್ಯಾಂಟೀನಿನಲ್ಲಿ ಹೇಳಿದಾಗ ಹಡಗು ಹತ್ತಿದ ಬಡವರ ಕತೆ ಇತ್ತು, ಈ ಕತೆ ಇರಲಿಲ್ಲ. ಎರಡೂ ನಿಜವೇ. ಒಂದು ಕಡೆ ಹಸಿದವರು ಗಂಟಿನಲ್ಲಿ ಕಟ್ಟಿಕೊಂಡು ಹೋದರು, ಇನ್ನೊಂದು ಕಡೆ ಬಂದೂಕು ಹಿಡಿದವರ ಬುತ್ತಿಯಲ್ಲಿ ಹೋಯಿತು. ಮಾಲ್‌ನಲ್ಲಿ ಪಿಜ್ಜಾ ತಿನ್ನುವ ನನ್ನ ಮಗಳಿಗೆ ಇವೆರಡರಲ್ಲಿ ಯಾವುದೂ ಕಾಣುವುದಿಲ್ಲ. ಅವಳಿಗೆ ಅದನ್ನು ಹೇಳಬೇಕೋ, ಸುಮ್ಮನೆ ತಿನ್ನಲು ಬಿಡಬೇಕೋ ಎಂದು ಯೋಚಿಸುತ್ತಿದ್ದೆ.

ಗಿರಣಿ ತಲುಪಿದ ಕೂಡಲೇ ಫುಂಡಿ ನೇರವಾಗಿ ಮಾಲೀಕರ ಕೋಣೆಗೆ ನಡೆದರು. ಬಾಗಿಲು ತೆರೆದೇ ಇತ್ತು. "ಆಕೆಗೆ ಕೆಟ್ಟ ಪಾಸ್ತಾ ಮಾರಲು ನಾನು ಮೆಷಿನ್ನು ಓಡಿಸುವುದಿಲ್ಲ. ಬೇರೆಯವರಿಗೆ ಮಾರಿ, ಆಕೆಗೆ ಇಲ್ಲ," ಎನ್ನುತ್ತಿದ್ದದ್ದು ನನಗೆ ಕೇಳಿಸಿತು. ಮಾಲೀಕರು ವ್ಯಾಪಾರಸ್ಥರು. ಆಕೆಯ ಹೊರತು ಬೇರೆಯವರೇ ಇಲ್ಲ ಎಂದು ಅವರಿಗೆ ಗೊತ್ತಿತ್ತು. ಹೊರಗಿನ ರವೆಯನ್ನೂ ಇಲ್ಲಿನ ಹಿಟ್ಟನ್ನೂ ಬೆರೆಸುವುದೆಂದು ಒಪ್ಪಂದವಾಯಿತು. ಬೆರಕೆ ಹದಕ್ಕೆ ಬರಲು ನಾನು ಲ್ಯಾಬಿನಲ್ಲಿ ದಿನಗಟ್ಟಲೆ ಸ್ಪಗೆಟಿ ಬೇಯಿಸಿದೆ. ಒಣಗಿಸುವುದನ್ನು ಫುಂಡಿ ತಮಗೆ ಬೇಕಾದಷ್ಟು ನಿಧಾನ ಮಾಡಿದರು. ಹೊಸ ಮಾಲು ಈಸ್ಟ್‌ಲೀಗೆ ಹೋಯಿತು. ಮಾಮಾ ಅದನ್ನು ಬೇಯಿಸಿ ನೋಡಿ, ಡ್ರೈವರ್ ಕೈಯಲ್ಲಿ ಒಂದೇ ಮಾತು ಹೇಳಿ ಕಳಿಸಿದರು: "ಸವಾ." ಆಗಬಹುದು.

ಊರಿಗೆ ಹೊರಡುವ ಮುಂಚಿನ ಭಾನುವಾರ ಫುಂಡಿ ಹರ್ಲಿಂಗ್‌ಹ್ಯಾಮ್‌ನ ನಮ್ಮ ಫ್ಲ್ಯಾಟಿಗೆ ಬಂದರು. ಅಡುಗೆ ತಾವೇ ಮಾಡುವುದಾಗಿ ಹಟ ಹಿಡಿದಿದ್ದರು. ಬೆಳ್ಳುಳ್ಳಿ, ಎಣ್ಣೆ, ಒಣ ಮೆಣಸಿನಕಾಯಿ, ಇಷ್ಟೇ ಹಾಕಿದ ಪಾಸ್ತಾ. ನನ್ನ ಮಗಳು ಮಾತಾಡದೆ ತಿಂದಳು. ನನ್ನ ಗಂಡ ಎರಡು ತುತ್ತು ತಿಂದು ಕನ್ನಡದಲ್ಲಿ ಕೇಳಿದರು:

"ಏನೇ, ಸಪ್ಪೆ ಇದೆಯಲ್ಲ. ಮಾವಿನಮಿಡಿ ಉಪ್ಪಿನಕಾಯಿ ಬಾಟ್ಲು ಎಲ್ಲಿಟ್ಟಿದ್ದೀಯ?"

"ರೀ, ಸುಮ್ನಿರಿ. ಅವರು ಬೇಜಾರ್ ಮಾಡ್ಕೋತಾರೆ."

"ಅವರಿಗೇನ್ ಗೊತ್ತಾಗತ್ತೆ, ಕೊಡು."

ಬಾಟಲು ಬಂತು. ಪಾಸ್ತಾದ ಪಕ್ಕ ಕೆಂಪು ಮಿಡಿ ಬಿದ್ದದ್ದನ್ನು ಫುಂಡಿ ನೋಡಿದರು. ಬಾಯಿ ತೆರೆದರು, ನೋ ಎನ್ನುತ್ತಾರೆಂದೇ ನಾನು ಕಾದೆ. ಅವರು ಬಾಯಿ ಮುಚ್ಚಿಕೊಂಡು ತಮ್ಮ ತಟ್ಟೆಯನ್ನು ಮುಂದೆ ಚಾಚಿದರು. ಒಂದು ಚೂರು ನಾಲಿಗೆಗೆ ತಗುಲಿದ್ದೇ ತಡ ಕಣ್ಣಲ್ಲಿ ನೀರು, ಮೂಗಲ್ಲಿ ನೀರು. ಮೂರು ಲೋಟ ನೀರು ಕುಡಿದು, ಕನ್ನಡಕ ಒರೆಸಿಕೊಂಡು ನನ್ನ ಗಂಡನಿಗೆ ಹೇಳಿದರು: "ನಿಮ್ಮ ಮನೆ, ನೀವು ತಿನ್ನಿ. ನನ್ನ ಮನೆಗೆ ಬಂದಾಗ, ನೋ."

ಅವರು ಹೋದ ಮೇಲೂ ಮೆಷಿನ್ನು ಚೆನ್ನಾಗಿಯೇ ಓಡಿತು. ಎರಡು ಮೂರು ವರ್ಷ ಮಾಮಾ ನಮ್ಮ ದೊಡ್ಡ ಗಿರಾಕಿಯಾಗಿದ್ದರು. ಆಮೇಲೆ ಕೆನಡಾದಲ್ಲಿದ್ದ ಮಗಳು ಕರೆಸಿಕೊಳ್ಳುತ್ತಿದ್ದಾಳೆ, ಅಂಗಡಿಯನ್ನು ತಮ್ಮನ ಮಗನಿಗೆ ಒಪ್ಪಿಸಿದ್ದೇನೆ ಎಂದು ಫೋನ್ ಮಾಡಿದರು. ಹೋಗುವ ಮುಂಚೆ ಬಾಸ್ತೊ ಹೇಗೆ ಮಾಡುತ್ತಾರೆ ಎಂದು ಒಮ್ಮೆ ನೋಡಬೇಕಂತೆ. ಇಷ್ಟು ವರ್ಷ ಮಾರಿದರೂ ಕಣ್ಣಾರೆ ನೋಡಿಲ್ಲವಂತೆ.

ಬಂದರು. ಗಿರಣಿಯ ನಿಯಮದಂತೆ ತಲೆಯ ಹೊದಿಕೆಯ ಮೇಲೆಯೇ ಒಂದು ಬಿಳಿ ಬಲೆ ಟೋಪಿ ಹಾಕಿಸಿ ಒಳಗೆ ಕರೆದುಕೊಂಡು ಹೋದೆ. ಅಚ್ಚಿನಿಂದ ಹಳದಿ ಎಳೆಗಳು ಇಳಿಯುವುದನ್ನು ಆಕೆ ಬಹಳ ಹೊತ್ತು ನಿಂತು ನೋಡಿದರು. ಒಂದೆಳೆ ಹರಿದು ಕೊಟ್ಟೆ. ಹಸಿ ಎಳೆಯನ್ನು ಬೆರಳಿಗೆ ಸುತ್ತಿಕೊಂಡು, ಮೂಸಿ, "ಬರೀ ಹಿಟ್ಟಿನ ವಾಸನೆ," ಎಂದರು.

"ಹಿಟ್ಟು, ನೀರು. ಇನ್ನೇನೂ ಇಲ್ಲ ಮಾಮಾ."

"ನಾನು ಇನ್ನೂ ಏನೋ ಇರುತ್ತೆ ಅಂದುಕೊಂಡಿದ್ದೆ," ಎಂದರು, ಸ್ವಲ್ಪ ನಿರಾಸೆಯಿಂದಲೇ. ಆಮೇಲೆ ಕೆನಡಾದ ಚಳಿಯ ಬಗ್ಗೆ, ಅಲ್ಲಿ ಒಳ್ಳೆಯ ಕುರಿ ಮಾಂಸ ಸಿಗುತ್ತದೋ ಇಲ್ಲವೋ ಎಂಬ ಬಗ್ಗೆ ಮಾತಾಡುತ್ತ ಗೇಟಿನವರೆಗೆ ಬಂದೆವು. ನನ್ನ ಎರಡೂ ಕೈ ಹಿಡಿದು ಅಸಾಂಟೆ ಎಂದು ಧನ್ಯವಾದ ಹೇಳಿ ಕಾರು ಹತ್ತಿದರು. ಕಾರು ತಿರುವಿನಲ್ಲಿ ಮರೆಯಾದ ಮೇಲೆ ನನಗೆ ಹೊಳೆಯಿತು: ಗಿರಣಿಯ ಬಲೆ ಟೋಪಿಯನ್ನು ಆಕೆ ತಲೆಯಿಂದ ತೆಗೆದೇ ಇರಲಿಲ್ಲ.